ಹುಚ್ಚ ನಾಯ್ಕರು ಕೋವಿ ಒಪ್ಪಿಸಿದ್ದು

ಗದ್ದೆಗೆ ಹಂದಿ ನುಗ್ಗುವ ಊರುಗಳಲ್ಲಿ ಎಷ್ಟೋ ಮನೆಗಳ ಅಟ್ಟದ ಮೇಲೆ ಹಳೇ ಕೋವಿ ಇರುತ್ತದೆ. ನಿಲ್ಕುಂದದ ಹುಚ್ಚ ನಾಯ್ಕರ ಮನೆಯಲ್ಲೂ ಒಂದಿತ್ತು. ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು. ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಕೋವಿ ಅಟ್ಟ ಬಿಟ್ಟು ಇಳಿದಿರಲಿಲ್ಲ.

ಒಂದು ಭಾನುವಾರ ಅವರು ಅಣ್ಣನ ಮಗ ಉಲ್ಲಾಸನ ಓಮ್ನಿಯಲ್ಲಿ ಉಮ್ಮಚಗಿಗೆ ನೆಂಟರ ಮನೆ ಊಟಕ್ಕೆ ಹೋದರು. ಉಲ್ಲಾಸನ ಹೆಂಡತಿ ಮಮತಾ ಜೊತೆಗಿದ್ದಳು. ಹೊರಡುವಾಗ ಉಲ್ಲಾಸನ ಬಾಯಿಂದ ಗಮ್ಮೆಂದು ವಾಸನೆ.

"ಬಸ್ಸಿಗೆ ಹೋಗನ. ಗಾಡಿ ಇಲ್ಲೇ ಇರ್ಲಿ," ಎಂದಳು ಮಮತಾ.

"ಎರಡೇ ಗ್ಲಾಸು ಮಾರಾಯ್ತಿ. ಈ ರಸ್ತೆ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು."

"ನಿಧಾನ ಹೊಡೀತ ಬಿಡು, ಹತ್ತು ಮಗಾ," ಎಂದು ಹುಚ್ಚ ನಾಯ್ಕರೇ ಮುಂದೆ ಹತ್ತಿ ಕೂತರು.

ಶಿರಸಿ ಹತ್ತಿರ ಗಾಡಿ ಎರಡು ಸಲ ರಸ್ತೆಯಂಚಿಗೆ ಇಳಿಯಿತು. ಎದುರು ಸ್ಕೂಟಿಯಲ್ಲಿ ಬರುತ್ತಿದ್ದ ತಾಯಿ ಮಗು ಕೂದಲೆಳೆಯಲ್ಲಿ ಪಾರಾದರು. ಸ್ವಲ್ಪ ಮುಂದೆ ಪೊಲೀಸರು ಕೈ ಅಡ್ಡ ಹಿಡಿದರು. ಎಸ್.ಐ. ಅಭಿಜ್ಞಾ ಮೇಡಂ ಯಂತ್ರ ಕೊಟ್ಟು ಊದಿಸಿದರು. ನೋಡಿದವರೇ, "ಇಳೀರಿ. ಗಾಡಿ ಮುಂದೆ ಹೋಗೋ ಹಾಗಿಲ್ಲ," ಎಂದರು. ತಪಾಸಣೆ ಮಾಡುವಾಗ ಹಿಂದಿನ ಸೀಟಿನಡಿ ಗೋಣಿಚೀಲ ಸಿಕ್ಕಿತು. ಒಳಗೆ ನಾಡಕೋವಿ!

"ಲೈಸೆನ್ಸ್ ಎಲ್ಲಿ?"

"ಇಲ್ಲ ಮೇಡಂ... ಹಂದಿ ಹೊಡಿಯಕ್ಕೆ ತಗಂಡಿದ್ದೆ. ಮದ್ದು ತುಂಬಿದ್ಮೇಲೆ ಹಾರ್ಲೇ ಇಲ್ಲ, ರಿಪೇರಿಗೆ ತೋರ್ಸಕ್ಕೆ ತಂದಿದ್ದೆ." ಉಲ್ಲಾಸನ ಅಮಲು ಅಲ್ಲೇ ಇಳಿಯಿತು.

"ಮದ್ದು ತುಂಬಿದ ಕೋವಿ ಮೇಲೆ ನನ್ನ ಕೂರ್ಸಿದ್ಯಾ?" ಮಮತಾ ಗಂಡನ ಕಡೆ ತಿರುಗಿದಳು.

ಕುಡಿದು ಓಡಿಸಿದ್ದಕ್ಕೆ ಒಂದು ಕೇಸು, ಕೋವಿಗೆ ಇನ್ನೊಂದು. ಉಲ್ಲಾಸ ಠಾಣೆಗೆ ಹೋದ. ಉಳಿದಿಬ್ಬರು ಬಸ್ಸು ಹತ್ತಿ ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಹುಚ್ಚ ನಾಯ್ಕರು ಅಟ್ಟದ ಕೋವಿ ಇಳಿಸಿಕೊಂಡು, ಹಾರೆ ಹಿಡಿದು ಗೊಬ್ಬರದ ಗುಂಡಿಗೆ ನಡೆದರು. ಹೆಂಡತಿ ನಾಗಿ ಅಡ್ಡ ಬಂದಳು.

"ಎಂತ ಮಾಡ್ತಿದ್ರಿ?"

"ಹುಗೀತೆ. ಪೊಲೀಸ್ರು ಇಲ್ಲಿಗೂ ಬಂದ್ರೆ?"

"ಒಳಗೆ ಹಳೇ ಮದ್ದು ಉಳ್ದಿದ್ದು, ಗೊಬ್ಬರ ತೆಗ್ಯವ್ರ ಹಾರೆಗೆ ಸಿಕ್ಕಿ ಸಿಡಿದ್ರೆ? ಏ ಮಮತಾ, ಬಾ ಇಲ್ಲಿ, ನಿನ್ ಚಿಕ್ಕಪ್ಪಂಗೆ ಬುದ್ಧಿ ಹೇಳು!"

ಮಮತಾ ಬಂದಳು. "ಚಿಕ್ಕಪ್ಪ, ನಾ ನಿನ್ನೆ ಮೇಡಂ ಹತ್ರ ಎಲ್ಲಾ ಕೇಳ್ಕಂಡೆ. ಲೈಸೆನ್ಸ್ ಇದ್ದವ್ರು ತೀರ್ಕಂಡ್ರೆ ಕೋವಿ ಮನೇಲಿ ಇಟ್ಕಳಂಗಿಲ್ಲ. ಠಾಣೆಗೆ ಒಪ್ಸಿ ರಸೀದಿ ತಗಳ್ಬೇಕು. ಬೇಕಾದ್ರೆ ಆಮೇಲೆ ನಿಮ್ಮ ಹೆಸ್ರಿಗೆ ಅರ್ಜಿ ಹಾಕ್ಬಹುದು."

"ಒಪ್ಸಕ್ಕೆ ಹೋದವ್ನನ್ನೇ ಒಳಗೆ ಹಾಕಿದ್ರೆ?"

"ಮೊದ್ಲು ಫೋನ್ ಮಾಡಿ ಕೇಳನ. ಅಡಗ್ಸಿಟ್ಟು ಸಿಕ್ಕಿಬೀಳದು ಬೇರೆ, ನಾವಾಗೇ ಹೇಳದು ಬೇರೆ."

ಹುಚ್ಚ ನಾಯ್ಕರು ಹಾರೆ ಕೆಳಗಿಟ್ಟರು. "ನಿನ್ನೆ ನಿನ್ ಮಾತು ಕೇಳ್ದೆ ತಪ್ಪು ಮಾಡ್ದೆ ಮಗಾ. ಇವತ್ತು ಕೇಳ್ತೆ. ಮಾಡು ಫೋನು."

ಮಧ್ಯಾಹ್ನ ಸಿದ್ದಾಪುರದಿಂದ ಇಬ್ಬರು ಪೊಲೀಸರು ಬಂದರು. ಕೇರಿಯೆಲ್ಲ ಅಂಗಳದಲ್ಲಿ ನೆರೆದಿತ್ತು. ಅಪ್ಪನ ಲೈಸೆನ್ಸ್ ಪುಸ್ತಕ ನೋಡಿ, "ಇಷ್ಟು ವರ್ಷ ಎಂತಕ್ಕೆ ಸುಮ್ನೆ ಕೂತಿದ್ರಿ ಅಜ್ಜಾ?" ಎಂದು ಗದರಿದರು. ಹೇಳಿಕೆ ಬರೆದುಕೊಂಡು ಕೋವಿ ಪಡೆದರು, ರಸೀದಿ ಕೊಟ್ಟರು. ಅಷ್ಟೇ! ನಾಗಿ ಎಲ್ಲರಿಗೂ ಮುರುಗಲು ಹಣ್ಣಿನ ಪಾನಕ ಹಂಚಿದಳು. ಹುಚ್ಚ ನಾಯ್ಕರು ಎರಡು ಲೋಟ ಕುಡಿದು, ಎದೆಯ ಮೇಲಿನ ಕಲ್ಲು ಇಳಿದವರಂತೆ ನಕ್ಕರು.

ಆಗ ಪಕ್ಕದ ಮನೆಯ ಪರಮೇಶ್ವರಪ್ಪ ಮೆಲ್ಲಗೆ ಕುತ್ತಿಗೆ ತುರಿಸಿಕೊಂಡರು. "ಹುಚ್ಚಣ್ಣಾ, ಆ ಫೋನ್ ನಂಬರ್ ನಂಗೂ ಕೊಡು. ನಮ್ಮನೆ ಅಟ್ಟದಲ್ಲೂ ಒಂದು ಅದೆ."

ಪೊಲೀಸರೂ ಸೇರಿ ಅಂಗಳವೆಲ್ಲ ಗೊಳ್ಳೆಂದಿತು.

ಉಲ್ಲಾಸ ಜಾಮೀನಿನ ಮೇಲೆ ಮನೆಗೆ ಬಂದಿದ್ದಾನೆ, ಕೋರ್ಟಿಗೆ ಅಲೆಯುವುದು ತಪ್ಪಿಲ್ಲ. ಮಮತಾ ಗಾಡಿ ಕಲಿತು ಲೈಸೆನ್ಸ್ ಪಡೆದಳು. ನೆಂಟರ ಮನೆಗೆ ಹೋಗುವಾಗ ಈಗ ಅವಳೇ ಓಡಿಸುತ್ತಾಳೆ.

ಓದುತ್ತಿರುವ ಅಕ್ಕ, ಅಣ್ಣ, ಕುಡಿದವರ ಕೈಗೆ ಗಾಡಿಯ ಕೀಲಿ ಕೊಡಬೇಡಿ, ಅವರ ಗಾಡಿ ಹತ್ತಲೂಬೇಡಿ. ಇವತ್ತೇ ಒಮ್ಮೆ ಏಣಿ ಇಟ್ಟು ನಿಮ್ಮ ಅಟ್ಟ ನೋಡಿ. ಲೈಸೆನ್ಸ್ ಇಲ್ಲದ ಕೋವಿ ಇದ್ದರೆ ಮುಟ್ಟದೆ ಠಾಣೆಗೆ ಫೋನ್ ಮಾಡಿ.