ಮೂಲೆಮನೆಯಲ್ಲಿ ಹೂಡಿದ ಸಂಸಾರ

ಆ ಕಟ್ಟಡವನ್ನು ನೆಲಸಮವಾಗದಂತೆ ಉಳಿಸಿಕೊಂಡವರು ಅಲ್ಲಿನ ಹೆಂಗಸರು. ಕಡಿಮೆ ಬಾಡಿಗೆಯ ಹಳೆಯ ವಠಾರ. ಗೋಡೆಗಳಲ್ಲಿ ಬಿರುಕು, ಅರ್ಧದಷ್ಟು ಮನೆಗಳಿಗೆ ಬೀಗ. ಜನ ವಾಸವಿದ್ದರೆ ರಿಪೇರಿ, ಇಲ್ಲದಿದ್ದರೆ ಕೆಡವುವುದು ಎಂದು ವಸತಿ ಕಚೇರಿಯವರು ಹೇಳಿ ಹೋದ ದಿನವೇ ಬಾಡಿಗೆದಾರರ ಸಂಘದ ಅಧ್ಯಕ್ಷೆ ಮೆಟ್ಟಿಲ ಮೇಲೆ ನಿಂತು ಉಪಾಯ ಹೇಳಿದಳು. ತಪಾಸಣೆ ಮುಗಿಯುವ ತನಕ ಖಾಲಿ ಮನೆಗಳನ್ನು ಹಂಚಿಕೊಂಡು, ಒಬ್ಬೊಬ್ಬರು ಒಂದೊಂದರಲ್ಲಿ ಜನ ಇರುವಂತೆ ಸಂಸಾರ ನಡೆಸಬೇಕು.

"ಸುಮ್ನೆ ಲೈಟ್ ಹಾಕಿ ಬಂದ್ರೆ ಆಗಲ್ಲ. ಬೇಯ್ಸಿ, ಒಗೀರಿ, ಬೇಕಾದ್ರೆ ಗಂಡನ ಜೊತೆ ಜಗಳಾನೂ ಆಡಿ."

"ಗಂಡ ಇಲ್ದಿರೋ ಮನೇಲಿ ಜಗಳ ಯಾಕ್ರೀ ಬರತ್ತೆ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೇಲಿನ ಮಹಡಿಯ ಮೂಲೆಮನೆ ಟೈಲರಮ್ಮನ ಪಾಲಿಗೆ ಬಂತು. ಉಳಿದವರು ಓಡಿ ಹೋಗಿ ಎರಡು ಪಾತ್ರೆ ಸದ್ದು ಮಾಡಿ ಓಡಿ ಬರುತ್ತಿದ್ದರು. ಟೈಲರಮ್ಮನದು ಎಲ್ಲಿ ಕೂತರೂ ಆಗುವ ಕೈಹೊಲಿಗೆ. ಬಟ್ಟೆಗಂಟು ಹಿಡಿದು ಬೆಳಿಗ್ಗೆ ಹೋದರೆ ಸಂಜೆಯ ತನಕ ಅಲ್ಲೇ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ, ತುರುಬು ಸಡಿಲ ಮಾಡಿ ಹೊಲಿಯುತ್ತಿದ್ದಳು. ಹಸಿವಾದಾಗ ಉಣ್ಣುತ್ತಿದ್ದಳು, ಬೇರೆಯವರ ಹಸಿವಿನ ಹೊತ್ತಿಗಲ್ಲ. ಅಲ್ಲಿ ಅವಳನ್ನು ಕರೆಯುವವರಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ಸಾಲಿನ ಹೊಲಿಗೆಯನ್ನೂ ನಡುವೆ ಏಳದೆ ಮುಗಿಸಿದವಳಲ್ಲ ಅವಳು. ಇಲ್ಲಿ ಇಡೀ ಅಂಗಿ ಮುಗಿದು ಮಡಿಲಲ್ಲಿ ಬಿದ್ದಾಗ ಗಾಬರಿಯಾಗುತ್ತಿತ್ತು.

"ನಿನ್ ಥರ ಖಾಲಿ ಮನೇಲಿ ಸಂಸಾರ ಮಾಡೋರು ಯಾರೂ ಇಲ್ಲ ಕಣೆ" ಎಂದಿದ್ದಳು ಅಧ್ಯಕ್ಷೆ.

ತಪಾಸಣೆ ಮುಗಿಯಿತು, ಕಟ್ಟಡ ಉಳಿಯಿತು. ಹೊಸ ಗಾರೆ, ಹೊಸ ನಲ್ಲಿ, ಹೊಸ ಬಣ್ಣ. ಸಂಸಾರ ಹೂಡುವ ಬಗೆಯನ್ನೇನೋ ಅಧ್ಯಕ್ಷೆ ಹೇಳಿಕೊಟ್ಟಿದ್ದಳು. ಹೂಡಿದ್ದನ್ನು ಎತ್ತುವ ಬಗೆಯನ್ನು ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಟೈಲರಮ್ಮ ಬೀಗದ ಕೈ ಒಪ್ಪಿಸಿ ಕೆಳಗಿಳಿದು ಬಂದಳು. ಮೈ ವಿಚಿತ್ರವಾಗಿ ಹಗುರವಾಗಿತ್ತು.

"ನೀನೇನು ಈಚೆಗೆ ಇದ್ದೂ ಇಲ್ದಂಗೆ ಇದೀಯಲ್ಲ" ಎಂದು ಗಂಡ ಗೊಣಗಿದ. ದಣಿವಿರಬೇಕು ಎಂದುಕೊಂಡಳು.

ಮನೆಗಾಗಿ ಸಾಲಿನಲ್ಲಿ ಕಾದವರಿಗೆ ಖಾಲಿ ಮನೆಗಳನ್ನು ಹಂಚಿದಾಗ ಮೂಲೆಮನೆ ಸಿಕ್ಕಿದ್ದು ಟೈಲರಮ್ಮನ ಮಗಳಿಗೇ. ಕೂಸನ್ನು ಕಟ್ಟಿಕೊಂಡು, ಅತ್ತೆ, ಮಾವ, ನಾದಿನಿಯರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವಳು ಅವಳು. ಗಂಡನದು ಹಗಲು ಪಾಳಿ. ಮನೆ ಹೊಕ್ಕ ವಾರದಲ್ಲೇ ಅವಳು ಕೂಸನ್ನೆತ್ತಿಕೊಂಡು ತಾಯಿಯ ಬಾಗಿಲಿಗೆ ಬಂದಳು.

"ಅಮ್ಮಾ, ನಾ ಕೀ ವಾಪಸ್ ಕೊಟ್ಬಿಡ್ತೀನಿ."

"ತಲೆ ಕೆಟ್ಟಿದೆಯೇನೆ? ಒಂದ್ಸಲ ಬಿಟ್ರೆ ಸಾಲಲ್ಲಿ ಹಿಂದಿರೋರಿಗೆ ಹೋಗತ್ತೆ. ನಿಂಗೆ ಈ ಜನ್ಮದಲ್ಲಿ ಇನ್ನೊಂದು ಮನೆ ಸಿಗಲ್ಲ."

"ಆ ಮನೇಲಿ ಯಾರೋ ಇದಾರಮ್ಮ. ಕುರ್ಚಿ ಎಲ್ಲಿಟ್ರೂ ಕಿಟಕಿ ಹತ್ರ ಹೋಗಿರತ್ತೆ. ಮಧ್ಯಾಹ್ನ ದಾರ ಕಚ್ಚೋ ಸದ್ದು. ನಮ್ ಪುಟ್ಟಿ ನನ್ ಹೆಗಲ ಹಿಂದೆ ನೋಡಿ ನಗ್ತಾಳೆ." ಒಂದು ಬಟ್ಟೆಯನ್ನು ಮುಂದೆ ಹಿಡಿದು ಕೇಳಿದಳು: "ನಿಜ ಹೇಳು, ನೀನೇನಾದ್ರೂ ನಂಗೆ ಹೇಳ್ದೆ ಬಂದು ಇದನ್ನ ಹೊಲ್ದಿಟ್ಟು ಹೋದ್ಯಾ?"

ಕೂಸಿನ ಲಂಗ. ಬಿಚ್ಚಿಹೋಗಿದ್ದ ಅಂಚನ್ನು ಯಾರೋ ಹೊಲಿದು ಮುಗಿಸಿದ್ದರು. ಟೈಲರಮ್ಮ ಅದನ್ನು ತಿರುಗಿಸಿ ನೋಡಿದಳು. ಎರಡು ಸಲ ಸುತ್ತಿ, ಒಳಗೆಳೆದು, ಬಟ್ಟೆಯ ಹಿಂದೆ ಅಡಗಿಸಿದ ಗಂಟು. ಹಾಗೆ ಗಂಟು ಹಾಕುವವಳು ತಾನೊಬ್ಬಳೇ. ಆ ಲಂಗವನ್ನು ಅವಳು ನೋಡಿದ್ದು ಈಗಲೇ ಮೊದಲು.

"ನೀ ಇಲ್ಲೇ ಇರು" ಎಂದು ಮಗಳಿಗೆ ಹೇಳಿ, ಕೀ ಇಸಿದುಕೊಂಡು ಮೇಲೆ ಹೋದಳು.

ನಡುಮಧ್ಯಾಹ್ನ. ಬಾಗಿಲು ತೆಗೆದಾಗ ಹೊಸ ಬಣ್ಣದ ವಾಸನೆಯಡಿ ಎಣ್ಣೆ ಹಚ್ಚಿದ ಕೂದಲಿನ ವಾಸನೆಯಿತ್ತು, ತನ್ನ ದಿಂಬಿಗೆ ಇರುವಂಥದ್ದೇ. ಕುರ್ಚಿ ಕಿಟಕಿಯ ಕಡೆ ತಿರುಗಿತ್ತು. ಅದರ ಬೆನ್ನಿನ ಪಟ್ಟಿಯ ಮೇಲೆ ಸಡಿಲ ತುರುಬೊಂದು ಒರಗಿತ್ತು. ನೆರೆತ ಎಳೆಗಳೂ ಪರಿಚಿತವೇ.

ಟೈಲರಮ್ಮ ಕೂಗಿಕೊಳ್ಳಲಿಲ್ಲ, ಯಾರನ್ನು ನೋಡಿ ಕೂಗಿಕೊಳ್ಳುವುದು? ಮುಂದೆ ಹೋಗಿ ಮುಖ ನೋಡುವ ಧೈರ್ಯವೂ ಆಗಲಿಲ್ಲ. ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತಳು.

"ಇದು ಮಗಳ ಮನೆ ಕಣೆ" ಎಂದಳು.

ದಾರ ಎಳೆಯುವ ಸದ್ದು ನಿಲ್ಲಲಿಲ್ಲ.

"ನೀ ಇದ್ರೆ ಅವಳು ಇರಲ್ಲ. ಹೋಗಿ ಮತ್ತೆ ಆ ಒಂದೇ ಕೋಣೇಲಿ ಮಲಗ್ತಾಳೆ. ಕೂಸು ಅಳೋಕೂ ಜಾಗ ಇಲ್ಲ ಅಲ್ಲಿ."

ಸೂಜಿ ಒಂದು ಕ್ಷಣ ತಡೆಯಿತು, ಮತ್ತೆ ನಡೆಯಿತು. ಮಗಳ ಹೆಸರಲ್ಲಿ ಕೇಳಿದರೆ ತಾನು ಏನನ್ನು ಬೇಕಾದರೂ ಬಿಟ್ಟುಕೊಡುವವಳೆಂದು ಟೈಲರಮ್ಮನಿಗೆ ಗೊತ್ತಿತ್ತು. ತನ್ನೊಳಗಿನ, ಬಿಟ್ಟುಕೊಡದ ಒಬ್ಬಳೇ ಇಲ್ಲಿ ಉಳಿದಿದ್ದಳು. ಅವಳನ್ನು ಎಬ್ಬಿಸಲು ಆ ಮಾತು ಸಾಲದು.

"ನಮ್ಮನೇಗೆ ಬಾ" ಎಂದಳು. "ಇಲ್ಲಿದ್ದ ಹಾಗೇ ಇರು. ಯಾರು ಕರೆದ್ರೂ ಏಳ್ಬೇಡ. ನಾನೂ ಏಳು ಅನ್ನಲ್ಲ."

ದಾರ ಕಚ್ಚಿದ ಸದ್ದು. ಆಮೇಲೆ ಏನೂ ಇಲ್ಲ.

ಟೈಲರಮ್ಮ ಹಿಂತಿರುಗಿ ನೋಡದೆ ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿನಲ್ಲೂ ಅವಳ ಚಪ್ಪಲಿಯ ಸದ್ದಿನ ಹಿಂದೆಯೇ ಬರಿಗಾಲಿನ ಸದ್ದು. ಕೆಳಗೆ ಅಧ್ಯಕ್ಷೆ ಎದುರಾದಳು. ಏನೋ ಕೇಳಲು ಬಾಯಿ ತೆರೆದವಳು, ಇಬ್ಬರು ಹಾಯುವಷ್ಟು ದಾರಿ ಬಿಟ್ಟು ಗೋಡೆಗೆ ಸರಿದು ನಿಂತಳು.

"ಹೋಗು" ಎಂದು ಮನೆಯಲ್ಲಿ ಕಾದಿದ್ದ ಮಗಳ ಕೈಗೆ ಟೈಲರಮ್ಮ ಕೀ ಕೊಟ್ಟಳು. "ಇನ್ನೇನೂ ಇಲ್ಲ ಅಲ್ಲಿ."

ಮಗಳು ತಾಯಿಯ ಮುಖವನ್ನೇ ನೋಡಿದಳು. ಕೂಸು ಹೆಗಲ ಮೇಲಿಂದ ಕೈ ಚಾಚಿತು, ಅಜ್ಜಿಯ ಕಡೆಗಲ್ಲ, ಅಜ್ಜಿಯ ಸ್ವಲ್ಪ ಪಕ್ಕಕ್ಕೆ. ಅವರು ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಸಾಮಾನು ಸರಿಸುವ ಸದ್ದು, ಮಗಳ ಜೋಗುಳ ಕೇಳಿಬಂದವು.

ಗಂಡ ನಿದ್ದೆ ಮುಗಿಸಿ ಒಳಗಿನಿಂದ ಎದ್ದು ಬಂದ. "ಟೀ ಆಯ್ತೇನೆ?"

ಅವಳು ಕಿಟಕಿಯ ಬಳಿಯ ಅವನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಏಳಬೇಕೆಂದು ಮೊಣಕಾಲು ತಾನಾಗಿ ಮಡಚಿತು. ಒಳಗಿನಿಂದ ಯಾರೋ ಅದನ್ನು ನಿಧಾನವಾಗಿ ಮತ್ತೆ ಚಾಚಿದರು.

"ಕೇಳಿಸ್ತಿಲ್ವಾ? ಅದು ನನ್ ಕುರ್ಚಿ" ಎನ್ನುತ್ತಾ ಅವನು ಎದುರಿಗೆ ಬಂದ. ಅವಳ ಮುಖ ಕಂಡು, ತಪ್ಪು ಮನೆಯ ಬಾಗಿಲು ತೆರೆದವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು, ಅಡುಗೆಮನೆಗೆ ಹೋದ. ಡಬ್ಬಿಗಳನ್ನು ತೆಗೆದು ಮುಚ್ಚಿದ ಸದ್ದು, ಒಲೆ ಹೊತ್ತಿಸಿದ ಸದ್ದು.

ಇಷ್ಟು ವರ್ಷ ಜೊತೆಗೆ ಬಾಳಿದವನು, ಮನೆಗೆ ಬಂದ ಹೊಸಬರನ್ನು ಕೇಳುವಂಥ ಮೆದು ದನಿಯಲ್ಲಿ ಅಲ್ಲಿಂದ ಕೇಳಿದ:

"ಸಕ್ಕರೆ ಎಷ್ಟು ಹಾಕ್ಲಿ?"