ಕರವಿಲ್ಲದ ಖಾತೆ ಗೊಡ್ಡಲ್ಲ

ಕಾಳಕ್ಕ ಹಿರಿಯ ಮಗಳ ಓದಿಗೆಂದು ಎರಡು ಕುರಿ ಸಾಕಿದ್ದಳು. ಬೇನೆ ಬಂದು ಒಂದೇ ವಾರದಲ್ಲಿ ಎರಡೂ ಸತ್ತವು. ಹುಡುಗಿಯ ಓದು ಏಳನೇ ಕ್ಲಾಸಿಗೇ ನಿಂತಿತು.

ಕಿರಿಯವಳು ಚಿತ್ತಮ್ಮ ಆಗ ಮೂರನೇ ಕ್ಲಾಸು. ಇವಳಾದರೂ ಓದಿ ಟೀಚರಾಗಲಿ ಎಂದು ಕಾಳಕ್ಕನ ಹಟ. ಗಂಡ ಓಬಣ್ಣ ಮಾರಿಕಣಿವೆ ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ. ತಿಂಗಳ ಸಂಬಳದಲ್ಲಿ ಇಪ್ಪತ್ತು ರೂಪಾಯಿ ಎತ್ತಿಡುವುದೆಂದು ಇಬ್ಬರೂ ಮಾತಾಡಿಕೊಂಡರು. ಎಲ್ಲಿ ಇಡುವುದು ಎಂಬುದಕ್ಕೇ ಜಗಳ.

ಆ ದಿನ ಬೆಳಿಗ್ಗೆ ಊರ ಮುಂದಿನ ಬೇವಿನ ಮರದ ಕೆಳಗೆ ಒಂದು ಜೀಪು ನಿಂತಿತ್ತು. ಪಟ್ಟಣದ ಯಾವುದೋ ಫಂಡಿನವನು. ತಿಂಗಳು ತಿಂಗಳು ಕಟ್ಟಿದರೆ ಮೂರು ವರ್ಷಕ್ಕೆ ಎರಡರಷ್ಟು ಕೊಡುತ್ತೇನೆ ಎನ್ನುತ್ತಿದ್ದ. "ಹತ್ತೇ ಜಾಗ ಅವೆ. ಹನ್ನೆರಡಕ್ಕೆ ಹೊಂಟ್ಬಿಡ್ತೀನಿ."

ಓಬಣ್ಣ ನೋಟು ಹಿಡಿದು ಹೊರಟೇಬಿಟ್ಟ. ಕಾಳಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಅಂಚೆ ಆಫೀಸಿನಾಗೆ ಹತ್ತು ವರ್ಷದ್ದು ತಿಂಗಳ ಕಂತಿನ ಖಾತೆ ಐತಂತೆ. ಪರಮೇಶ್ವರಪ್ಪನೋರನ್ನ ಒಂದು ಮಾತು ಕೇಳಾಣ."

ಜಗಲಿಯ ಮೇಲೆ ಅವಳ ಅಣ್ಣ ಕರಿಸಿದ್ದಪ್ಪ ಕುಳಿತಿದ್ದ. ಹುಟ್ಟಿದಾಗಿನಿಂದ ಕುರಿ ಕಾದವನು.

"ಅಲ್ಲಿಗ್ಯಾಕೆ ಹೋಗ್ತೀಯವ್ವ? ಅವರು ಗೋಡೆಗೆ ಅಂಟಿಸಿರೋ ಕಾಗದಾನ ಚಿತ್ತಮ್ಮನ ಕೈಲಿ ಓದಿಸೀನಿ. ಬಡ್ಡಿಗೆ ಕರವಿಲ್ಲ ಅಂತ ಐತೆ."

"ಆದ್ರೇನಣ್ಣ?"

"ಕರ ಇಲ್ದಿದ್ದು ಗೊಡ್ಡು ಕಣೇ! ಹತ್ತು ವರ್ಷ ಮೇವು ಹಾಕಿ ಗೊಡ್ಡು ಹಸ ಸಾಕ್ತೀಯಾ?"

"ಭಾವ ಹೇಳೋದು ದಿಟ. ದಾರಿ ಬಿಡು," ಎಂದ ಓಬಣ್ಣ.

ಕಾಳಕ್ಕ ಅವನ ಕೈಯ ನೋಟು ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿದಳು. "ಬರೋರು ಬರ್ರಿ," ಎಂದು ಅಂಚೆ ಕಚೇರಿಗೆ ನಡೆದಳು. ಗಂಡಸರಿಬ್ಬರೂ ಬೈಯುತ್ತ ಹಿಂದೆ ಬಂದರು. ಜೀಪಿನ ಹಾರನ್ನು ಕೂಗಿತು.

ಪೋಸ್ಟ್ ಮಾಸ್ಟರ್ ಪರಮೇಶ್ವರಪ್ಪ ಕಾಗದಗಳಿಗೆ ಮೊಹರು ಹಾಕುತ್ತಿದ್ದರು. "ಕುಂತ್ಕಳ್ರಿ," ಎಂದರು.

"ಕುಂದ್ರಾಕೆ ಹೊತ್ತಿಲ್ಲ ಸ್ವಾಮಿ. ಕರ ಹಾಕದ ಗೊಡ್ಡನ್ನ ನಮ್ಮ ತಂಗಿಗ್ಯಾಕೆ ಕಟ್ತೀರಿ?"

ಪರಮೇಶ್ವರಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಗೋಡೆಯ ಕಾಗದ ನೋಡಿದರು. ಅರ್ಥವಾಯಿತು. ನಗಲಿಲ್ಲ.

"ಕರಿಸಿದ್ದಪ್ಪ, ಕುರಿ ಹೊಡ್ಕಂಡು ಸರ್ಕಾರಿ ಕಾವಲಿಗೆ ಮೇಯ್ಸಾಕೆ ಹೋದ್ರೆ ತಲೆಗಿಷ್ಟು ಅಂತ ಕಟ್ತೀಯಲ್ಲ?"

"ಕಟ್ಟದಿದ್ರೆ ಬಿಡ್ತಾರಾ?"

"ಅದು ಕರ. ತೆರಿಗೆ. ಹಸಿನ ಕರ ಅಲ್ಲಪ್ಪ, ಕರು ಅಲ್ಲ. ನೀವಿಡೋ ದುಡ್ಡು ಕುರಿ, ಬಡ್ಡಿ ಅದರ ಮರಿ. ಈ ಖಾತೇಲಿ ಹುಟ್ಟೋ ಮರಿಗೆ ತೆರಿಗೆ ಇಲ್ಲ. ಪೂರಾ ನಿಮ್ದೇ."

"ಅಂದ್ರೆ... ಈಯ್ತೈತಾ?"

"ಈಯ್ತೈತೆ."

ಓಬಣ್ಣ ಸುಮ್ಮನಾಗಲಿಲ್ಲ. "ನಮ್ಮಂಥೋರಿಗೆ ತೆರಿಗೆ ಎಲ್ಲಿಂದ ಬರ್ಬೇಕು ಸ್ವಾಮಿ? ಜೀಪಿನೋನು ಎರಡರಷ್ಟು ಕೊಡ್ತಾನೆ."

"ಇವತ್ತು ನಿಂಗೆ ತೆರಿಗೆ ಇಲ್ಲ, ನಿಜ. ಮಗಳು ನೌಕರಿ ಹಿಡಿದ ಮ್ಯಾಲೆ ಬರಬೌದು. ಅದೊಂದನ್ನೇ ನೋಡಬ್ಯಾಡ. ನನ್ನ ಮಾತೂ ನಂಬಬ್ಯಾಡ. ಪಾಸುಬುಕ್ಕು ಇಗೋ, ಮೊಹರು ಇಗೋ. ಒಂದು ಕಂತು ತಪ್ಪಿದ್ರೆ ಏನು, ನಡುವೆ ತೆಗೀಬೇಕಾದ್ರೆ ಏನು, ಎಲ್ಲಾ ಬರೆದೈತೆ. ಹೋಗಿ ಆ ಜೀಪಿನೋನ್ನೂ ಇದನ್ನೇ ಕೇಳು."

ಮತ್ತೆ ಹಾರನ್ನು. ಕಾಳಕ್ಕ ಜೀಪಿನತ್ತ ಓಡಿದಳು, ಗಂಡಸರಿಬ್ಬರೂ ಅವಳ ಹಿಂದೆ.

"ಸ್ವಾಮಿ, ಕಟ್ಟಿದ್ದಕ್ಕೆ ಬುಕ್ಕು ಕೊಡ್ತೀರಾ? ಮೊಹರು ಹಾಕ್ತೀರಾ? ನೀವು ಬರದಿದ್ರೆ ಯಾವ ಬಾಗಿಲಿಗೆ ಬರ್ಬೇಕು?"

ಫಂಡಿನವನ ಮುಖ ಬಿಗಿಯಿತು. "ನಂಬಿಕೆ ಇಲ್ದೋರು ಬ್ಯಾಡಮ್ಮ. ಒಂದೇ ಜಾಗ ಉಳಿದೈತೆ. ಕೊಡ್ತೀಯೋ ಇಲ್ವೋ?"

ಎಂಜಿನ್ನು ಶುರುವಾಯಿತು. ಓಬಣ್ಣ ಹೆಂಡತಿಯ ಸೆರಗಿನ ಗಂಟಿಗೆ ಕೈ ಹಾಕಿದ. ಆ ಕೈಯನ್ನು ಕರಿಸಿದ್ದಪ್ಪ ಗಟ್ಟಿಯಾಗಿ ಹಿಡಿದ.

"ತಡಿಯಪ್ಪ. ಸಂತೇಲಿ ಕುರಿ ಬಾಯಿ ಬಿಡಿಸಿ ಹಲ್ಲು ನೋಡದೆ ಯಾವತ್ತಾದ್ರೂ ಕೊಂಡೀನಾ? ಇವನು ಹಲ್ಲು ತೋರಿಸ್ತಿಲ್ಲ ಕಣೋ."

"ಜಾಗ ಹೋಗ್ತೈತೆ ಭಾವ!"

"ಹೋಗ್ಲಿ."

ಪಕ್ಕದ ಮನೆಯ ಚಂದ್ರಕ್ಕ ಇಪ್ಪತ್ತು ರೂಪಾಯಿ ನೀಡಿ ಆ ಜಾಗ ಹಿಡಿದಳು. ಜೀಪು ಧೂಳೆಬ್ಬಿಸಿ ಹೋಯಿತು. ಓಬಣ್ಣ ಸಿಟ್ಟಿನಿಂದ ನಾಲೆಯ ಕಡೆ ನಡೆದ. ಕಾಳಕ್ಕ ಅಂಚೆ ಕಚೇರಿಗೆ ಮರಳಿ ಗಂಟು ಬಿಚ್ಚಿದಳು, ಪಾಸುಬುಕ್ಕು ಮನೆಗೆ ಬಂತು.

ಜೀಪು ಆರು ತಿಂಗಳು ಬಂತು. ಏಳನೆಯ ತಿಂಗಳು ಬರಲಿಲ್ಲ. ಚಂದ್ರಕ್ಕ ಈಗಲೂ ದಾರಿಯಲ್ಲಿ ಮೋಟಾರಿನ ಸದ್ದಾದರೆ ಹೊರಗೆ ಬಂದು ನೋಡುತ್ತಾಳೆ. ಅವಳಿಗೂ ಒಬ್ಬಳು ಮಗಳಿದ್ದಾಳೆ.

ಕರಿಸಿದ್ದಪ್ಪ ಉಣ್ಣೆ ಮಾರಿದ ದುಡ್ಡಿನಲ್ಲಿ ತಾನೂ ಒಂದು ಖಾತೆ ತೆರೆದ. ತಂಗಿಯ ಮನೆಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ನಿನ್ನ ಬುಕ್ಕು ಎಷ್ಟು ತಿಂಗಳ ಗಬ್ಬವ್ವ?"

"ಹನ್ನೊಂದು ತಿಂಗಳಣ್ಣ."

"ಯಪ್ಪಾ, ಎಮ್ಮೆಗಿಂತ ಜಾಸ್ತಿ ಆತು!"

ಓಬಣ್ಣನೂ ನಗುತ್ತಾನೆ. ಸಂಬಳದ ದಿನ ಈಗ ಅವನೇ ಮೊದಲು ಅಂಚೆ ಕಚೇರಿಗೆ ಹೋಗಿ ಬರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಅವಸರ ಮಾಡುವ ಜೀಪು ಬರಬಹುದು. ಬುಕ್ಕು ಕೇಳಿ, ಮೊಹರು ಕೇಳಿ, ಬಡ್ಡಿ ಎಷ್ಟು, ಅದಕ್ಕೆ ತೆರಿಗೆ ಉಂಟೋ ಇಲ್ಲವೋ ಕೇಳಿ. ತಿಳಿಯದ ಮಾತು ಬಂದರೆ ನಾಚದೆ ಇನ್ನೊಮ್ಮೆ ಕೇಳಿ. ಕರಿಸಿದ್ದಪ್ಪ ಕೇಳಿದ್ದಕ್ಕೇ ಅವನಿಗೆ ತಿಳಿಯಿತು. ಹಲ್ಲು ತೋರಿಸದವನ ಕೈಗೆ ಮಕ್ಕಳ ಓದಿನ ದುಡ್ಡು ಕೊಡಬೇಡಿ. ಈ ತಿಂಗಳ ಸಂಬಳ ಬಂದ ದಿನವೇ ಅಂಚೆ ಕಚೇರಿಯ ಮೆಟ್ಟಿಲು ಹತ್ತಿ.