ಒರಳಿನ ಬುಡದ ಬುಗುಡಿ

ಆ ಮಾರ್ಗಶಿರದ ಬೆಳಗ್ಗೆ ಇಟ್ಟಿಗೆಗೂಡಿನ ಕೇರಿಯ ಮೇಲೆ ಎಂಥ ಮಂಜು ಕವಿದಿತ್ತೆಂದರೆ, ಬೆಟ್ಟವೂ ಇಲ್ಲ, ಬೀದಿಯ ತುದಿಯೂ ಇಲ್ಲ. ಮೃಗಾಲಯದ ಸಿಂಹ ಗುಡುಗಿದ್ದು ಮಾತ್ರ ಹಿತ್ತಲಲ್ಲೇ ನಿಂತು ಕೂಗಿದಂತೆ ಕೇಳಿಸಿತು. ವೇದವತಿ ದೇವಿಯ ಬೆಟ್ಟವಿದ್ದ ದಿಕ್ಕಿಗೆ ಕೈಮುಗಿದು ಹಿತ್ತಲಿಗೆ ಬಂದಳು. ಅಲ್ಲಿ ಅವಳ ತಾಯಿ ಬೆಟ್ಟಮ್ಮ, ಎಪ್ಪತ್ತರ ಮುದುಕಿ, ನೆಲದಲ್ಲಿ ಹೂತ ಒರಳುಕಲ್ಲಿನ ಬುಡವನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು.

"ಮತ್ತೆ ಶುರುವಾಯ್ತಾ? ಏಳವ್ವ, ಥಂಡಿ."

"ತಿಮ್ಮಿದು ಇಲ್ಲೈತೆ ಕಣಕ್ಕ. ಅವ್ವಂಗೆ ಹೇಳ್ಬ್ಯಾಡ."

ಹೆತ್ತ ಮಗಳನ್ನು ಅಕ್ಕ ಅನ್ನತೊಡಗಿ ವರ್ಷವಾಗಿತ್ತು. ಮನಸ್ಸೆಂಬುದು ನೆಲದೊಳಗಿನ ರಾಗಿ ಹಗೇವು. ಕಡೆಗೆ ಸುರಿದದ್ದು ಮೊದಲು ಬರಿದಾಗುತ್ತದೆ, ತಳದ ಕಾಳು ಕಡೆಯವರೆಗೂ ಇರುತ್ತದೆ. ಬೆಟ್ಟಮ್ಮನಿಗೆ ನಿನ್ನೆ ಉಂಡದ್ದು ಮರೆತಿತ್ತು, ಗಂಡ ಸತ್ತದ್ದು ಮರೆತಿತ್ತು, ಮಹಾರಾಜರ ಆಳ್ವಿಕೆ ಮುಗಿದದ್ದೂ ಮರೆತಿತ್ತು. ಎಂಟು ವರ್ಷದ ಹುಡುಗಿಯೊಬ್ಬಳು ಮಾತ್ರ ತಳದಲ್ಲಿ ಉಳಿದಿದ್ದಳು. ಹುಟ್ಟಿದ ಮನೆಯಲ್ಲೇ ಬಾಳಿದವಳಾದ್ದರಿಂದ ಆ ಹುಡುಗಿಗೆ ಹಿತ್ತಲಿನ ಒಂದೊಂದು ಕಲ್ಲೂ ಗೊತ್ತಿತ್ತು.

ತಿಮ್ಮಿ ಎಂದರೆ ಪಕ್ಕದ ಮನೆಯ ತಿಮ್ಮಮ್ಮ, ಬೆಟ್ಟಮ್ಮನ ಬಾಲ್ಯದ ಗೆಳತಿ. ಆಟದ ಸಾಮಾನಿನ ಮಾತೆಂದು ವೇದವತಿ ಕಿವಿಗೊಟ್ಟಿರಲಿಲ್ಲ. ಇವತ್ತು ಮುದುಕಿಯ ಉಗುರಸಂದಿಯಲ್ಲಿ ರಕ್ತ ಜಿನುಗಿತ್ತು. ಏನೂ ಇಲ್ಲವೆಂದು ತೋರಿಸಿದರೆ ಸುಮ್ಮನಾದಾಳು ಎಂದು ಹಾರೆ ತಂದು ಅಗೆದಳು. ಗೇಣು ಇಳಿದಿತ್ತೋ ಇಲ್ಲವೋ, ಟಕ್ ಎಂದಿತು.

ತೆಂಗಿನ ಕರಟ. ಒಳಗೆ ಮಣ್ಣು, ಆಟದ ನಾಲ್ಕು ಗಜ್ಜುಗ, ಮತ್ತೆ ಮಾಸದೆ ಮಿನುಗುವ ಒಂದು ಚಿನ್ನದ ಬುಗುಡಿ, ಮೇಲ್ಗಿವಿಗೆ ಇಡುವಂಥದ್ದು.

ವೇದವತಿ ಹಾರೆ ಬದಿಗಿಟ್ಟಳು. ಬುಗುಡಿಯನ್ನು ಅಂಗೈಗೆ ತೆಗೆದುಕೊಂಡಳು.

ತಿಮ್ಮಮ್ಮನ ಬಲ ಅಂಗೈಯಲ್ಲಿ ಬರೆಯ ಗುರುತಿತ್ತು. ಚಿಕ್ಕಂದಿನಲ್ಲಿ ವೇದವತಿ ಕೇಳಿದಾಗ, "ನಮ್ಮವ್ವನ ಬುಗುಡಿ ಕದ್ದೆ ಅಂತ ಅವ್ಳೇ ಸೌಟು ಕಾಯ್ಸಿ ಬರೆ ಎಳುದ್ಲು ಕಣ್ಮಗ. ನಾ ಕದ್ದಿರ್ನಿಲ್ಲ. ಯಾರ್ ನಂಬ್ತಾರೆ?" ಎಂದಿದ್ದಳು. ಕೇರಿಯ ಹಳಬರಿಗೆ ಅವಳು ಈಗಲೂ ಬುಗುಡಿ ತಿಮ್ಮಿಯೇ. ಇತ್ತ ಬೆಟ್ಟಮ್ಮನೋ, ದೇವರ ಪೂಜೆಗೆ ಕೂಡ ಕೇಳದೆ ಪರರ ಬೇಲಿಯ ಹೂ ಕಿತ್ತವಳಲ್ಲ.

"ಯಾಕವ್ವ? ಇಂಥದ್ದು ಮಾಡ್ಬುಟ್ಟು ಇಷ್ಟು ವರ್ಷ ಹೆಂಗೆ ಉಂಡೆ?"

"ಹೊಳೀತಿತ್ತು ಕಣಕ್ಕ," ಎಂದಳು ಬೆಟ್ಟಮ್ಮ.

ಮತ್ತೆ ಹೂತರೆ ಯಾರಿಗೂ ತಿಳಿಯದು. ಅವ್ವನ ಹೆಸರು ಹಾಗೇ ಉಳಿಯುತ್ತದೆ. ವೇದವತಿ ಮುಷ್ಟಿ ಬಿಗಿದಳು. ಅಷ್ಟರಲ್ಲಿ ಹರಳೆಣ್ಣೆಯ ಬಟ್ಟಲು ಹಿಡಿದು ತಿಮ್ಮಮ್ಮನೇ ಬಂದಳು. ಗೆಳತಿಯ ತಲೆ ಬಾಚುವುದು ಅವಳ ದಿನದ ಕೆಲಸ.

"ಏನವ್ವ ವೇದ, ಬೆಳಿಗ್ಗೇನೇ ನಿಧಿ ತೆಗೀತಿದ್ದೀರಾ ತಾಯಿಮಗ್ಳು? ನಂಗೂ ಒಸಿ ಪಾಲಿರ್ಲಿ!"

ಬೆಟ್ಟಮ್ಮ ಅವಳ ಬಲಗೈ ಎಳೆದುಕೊಂಡು ಬರೆಯ ಮೇಲೆ ಬೆರಳಾಡಿಸಿದಳು.

"ತಿಮ್ಮಿ, ನಿಮ್ಮವ್ವ ಸುಟ್ಬುಟ್ಲಾ? ಬಾಳ ಉರೀತೈತಾ?"

ತಿಮ್ಮಮ್ಮನ ನಗು ಅಲ್ಲೇ ನಿಂತಿತು. ಅರವತ್ತು ವರ್ಷದಲ್ಲಿ ಒಬ್ಬರೂ ಕೇಳಿರದ ಮಾತು. ಬಟ್ಟಲು ವಾಲಿ ಎಣ್ಣೆ ನೆಲಕ್ಕೆ ಸುರಿಯುತ್ತಿದ್ದರೂ ಅವಳಿಗೆ ಅರಿವಿರಲಿಲ್ಲ.

ವೇದವತಿ ಮುಷ್ಟಿ ಬಿಚ್ಚಿದಳು. ಬುಗುಡಿಯ ಮಣ್ಣನ್ನು ಸೆರಗಿನಲ್ಲಿ ಒರೆಸಿ, ತೆರೆದೇ ಇದ್ದ ಆ ಅಂಗೈಯಲ್ಲಿ, ಬರೆಯ ಮೇಲೆ ಇಟ್ಟಳು.